ತೂಕಕ್ಕೆ ಹಾಕುವ ಮುನ್ನ ನಂಬರ್ ನೋಡಿ

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮರುದಿನವೇ ಮಾಮು ನನ್ನ ಕೈಗೆ ಒಂದು ಉದ್ದನೆಯ ರಿಜಿಸ್ಟರ್ ಕೊಟ್ಟರು. ಚಿಕ್ಕಮಗಳೂರಿನಲ್ಲಿ ನಮ್ಮ ನಾನಾ, ಅಂದರೆ ಅಮ್ಮಿಯ ತಂದೆ, ನಲವತ್ತು ವರ್ಷ ನಡೆಸಿದ ಗುಜರಿ ಅಂಗಡಿಯನ್ನು ಈಗ ಮಾಮು ನೋಡಿಕೊಳ್ಳುತ್ತಿದ್ದಾರೆ. ನಾನಾ ತೀರಿಕೊಂಡು ಎರಡು ವರ್ಷವಾಯಿತು. ಅಂಗಡಿಯ ಹಿಂದಿನ ಶೆಡ್ ಬಾಡಿಗೆಯದು. ಮಾಲೀಕರು ಅದನ್ನು ಮಾರುತ್ತಿರುವುದರಿಂದ ಮೇ ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕಿತ್ತು. ಒಳಗಿರುವುದನ್ನೆಲ್ಲ ಲಾರಿಗೆ ತುಂಬಿ ಫೌಂಡ್ರಿಗೆ ತೂಕದ ಲೆಕ್ಕದಲ್ಲಿ ಕೊಡುವುದೆಂದು ಮಾಮು ತೀರ್ಮಾನಿಸಿದ್ದರು. "ಬೇಟಾ, ನೀನು ಕಾಮರ್ಸ್ ಓದ್ತೀಯಲ್ಲ, ಏನೇನಿದೆ ಅಂತ ಒಂದು ಲಿಸ್ಟ್ ಮಾಡು" ಅಂದರು.

ಸ್ಟಾಕ್ ಲಿಸ್ಟ್ ತಾನೇ, ಎರಡು ದಿನದ ಕೆಲಸ ಅಂದುಕೊಂಡೆ. ಮೊದಲ ದಿನವೇ ಸಿಕ್ಕಿಬಿದ್ದೆ. ಅಂಬಾಸಿಡರ್‌ನ ರೇಡಿಯೇಟರ್, ಜೀಪಿನ ಬಂಪರ್, ಪದ್ಮಿನಿಯ ಬಾಗಿಲು ಇವೆಲ್ಲ ನೋಡಿದರೆ ಗೊತ್ತಾಗುತ್ತವೆ. ಆದರೆ ಶೆಡ್ಡಿನ ಮೂಲೆಯಲ್ಲಿ ಮರದ ಪೆಟ್ಟಿಗೆಯೊಂದಿತ್ತು. ಅದರಲ್ಲಿದ್ದ ಯಾವ ವಸ್ತುವಿಗೂ ನನಗೆ ಹೆಸರು ಗೊತ್ತಿರಲಿಲ್ಲ, ಮಾಮುಗೂ ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ್ದನ್ನು ರಿಜಿಸ್ಟರಿನಲ್ಲಿ ಏನೆಂದು ಬರೆಯುವುದು? "ಇತರೆ" ಅಂತ ಬರೆದರೆ ಅದಕ್ಕೆ ಕೆಜಿಯ ಬೆಲೆ. ಅಕೌಂಟೆನ್ಸಿಯಲ್ಲಿ ದಾಸ್ತಾನಿನ ಮೌಲ್ಯ ಹಾಕುವಾಗ ಕೊಂಡ ಬೆಲೆ ಮತ್ತು ಮಾರಿದರೆ ಸಿಗುವ ಬೆಲೆ, ಎರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಬೇಕೆಂದು ನಮಗೆಲ್ಲ ಬಾಯಿಪಾಠ. ಮಾರಿದರೆ ಎಷ್ಟು ಸಿಗುತ್ತದೆ ಅಂತ ತಿಳಿಯಬೇಕಾದರೆ ಅದು ಏನು ಅಂತ ಮೊದಲು ತಿಳಿಯಬೇಕು ಎಂಬುದನ್ನು ಮಾತ್ರ ಯಾವ ಲೆಕ್ಕದಲ್ಲೂ ಕೇಳಿರಲಿಲ್ಲ.

ಪೆಟ್ಟಿಗೆಗೆ ತಂತಿಯಿಂದ ಕಟ್ಟಿದ ಒಂದು ರಟ್ಟಿನ ಚೀಟಿ ಇತ್ತು. ಅದರ ಮೇಲೆ ನಾನಾ ಕೈಬರಹದಲ್ಲಿ ಉರ್ದು. ನಮ್ಮ ಮನೆಯಲ್ಲಿ ಮಾತು ಉರ್ದುವಾದರೂ ಓದಲು ಬರುವುದು ಅಮ್ಮಿಗೆ ಮತ್ತು ಅಮ್ಮಿ ಕಲಿಸಿದ್ದರಿಂದ ನನಗೆ. ಮಾಮು ಕನ್ನಡ ಶಾಲೆಯಲ್ಲಿ ಓದಿದವರು, ಅವರಿಗೆ ಬರುವುದಿಲ್ಲ. ಎರಡು ವರ್ಷದಿಂದ ಅದು ಅವರ ಕಣ್ಣಮುಂದೆಯೇ ಇತ್ತು. ಓದಿದೆ: "ಎಸ್ಟೇಟ್ ವಾಲಾ ಫೋರ್ಡ್, ಆಠ್ ಸಿಲಿಂಡರ್." ಎಂಟು ಸಿಲಿಂಡರಿನ, ಎಸ್ಟೇಟಿನವರ ಫೋರ್ಡ್ ಕಾರಿನದು ಅಂತ ಅರ್ಥ. ಹಳೆಯ ಕಾಫಿ ಎಸ್ಟೇಟುಗಳಿಂದ ನಾನಾ ಕಾರು, ಜೀಪು, ಪಂಪ್‌ಸೆಟ್ ತೂಕಕ್ಕೆ ಕೊಳ್ಳುತ್ತಿದ್ದದ್ದು ನಮಗೆ ಗೊತ್ತಿತ್ತು. ಆದರೆ ಎಂಟು ಸಿಲಿಂಡರಿನ ಫೋರ್ಡ್ ಇಲ್ಲಿಗೆ ಹೇಗೆ ಬಂತು? ಆಮೇಲೆ ತಿಳಿಯಿತು, ಅದೇನೂ ಪವಾಡವಲ್ಲ. ಫೋರ್ಡ್ ಕಂಪನಿಯ ಕೆನಡಾ ಶಾಖೆ 1926ರಲ್ಲೇ ಭಾರತದಲ್ಲಿ ಕಂಪನಿ ತೆರೆದು, ಬಿಡಿಭಾಗ ತರಿಸಿ ಇಲ್ಲೇ ಕಾರು ಜೋಡಿಸುತ್ತಿತ್ತು.

ಪೆಟ್ಟಿಗೆಯಲ್ಲಿ ಮೊದಲು ಕೈಗೆ ಬಂದದ್ದು ಒಂದು ಕಾರ್ಬ್ಯುರೇಟರ್. ಇಂಜಿನ್ನಿಗೆ ಹೋಗುವ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ. ಹಳೆಯ ಸ್ಕೂಟರಿನಲ್ಲಿ ನೀವು ನೋಡಿರಬಹುದು, ಇದು ಅದಕ್ಕಿಂತ ದೊಡ್ಡದು, ಎರಡು ಕೊರಳಿನದು. ಪಕ್ಕದಲ್ಲಿ ಉಬ್ಬಿದ ಅಂಕಿ, 97. ನಾನು ರಿಜಿಸ್ಟರಿನಲ್ಲಿ ಬರೆದೆ: "ಕಾರ್ಬ್ಯುರೇಟರ್, 1997ರದು." ಮಾಮು ತಕ್ಕಡಿಗೆ ಹಾಕಿ ನೋಡಿದರು. ಮೂರು ಕೆಜಿಯೂ ಇರಲಿಲ್ಲ. ಸತುವಿನ ಬೆಲೆ ಹಾಕಿದರೂ ಮುನ್ನೂರು ರೂಪಾಯಿ ದಾಟುವುದಿಲ್ಲ ಅಂದರು.

ಅದೇ ವಾರ ಬೆಂಗಳೂರಿನಿಂದ ಒಬ್ಬರು ಬಂದರು. ಊರು ನಮ್ಮ ಕಡೆಯೇ, ಮನೆಯಲ್ಲಿ ಹಳೆಯ ಜೀಪಿದೆ, ಅದರ ಗೇರ್‌ಬಾಕ್ಸಿಗೆ ಏನೋ ಹುಡುಕುತ್ತಿದ್ದರು. ಮೇಜಿನ ಮೇಲಿದ್ದ ಕಾರ್ಬ್ಯುರೇಟರ್ ನೋಡಿ ಜೀಪಿನ ಮಾತನ್ನೇ ಮರೆತುಬಿಟ್ಟರು. "ಇದನ್ನು ತೂಕಕ್ಕೆ ಹಾಕಬೇಡಿ ಸಾಬ್ರೆ. ನನ್ನ ತಮ್ಮ ಕ್ಯಾಲಿಫೋರ್ನಿಯಾದಲ್ಲಿ ಹಾಟ್ ರಾಡ್ ಕಟ್ಟುತ್ತಿದ್ದಾನೆ. ಅವನಿಗೆ ಇಂಥದ್ದೇ ಮೂರು ಬೇಕು, ಎರಡು ಸಿಕ್ಕಿವೆ" ಅಂದರು. ನಾನು 1997 ಅಂತ ಬರೆದದ್ದನ್ನು ನೋಡಿ ನಕ್ಕರು. ನನಗೆ ನಾಚಿಕೆಯಾಯಿತು. ಆದರೆ ಅವರು ನಕ್ಕು ಸುಮ್ಮನಾಗಲಿಲ್ಲ, ಕೂತು ಹೇಳಿಕೊಟ್ಟರು. ಆಮೇಲೆ ಫೋನಿನಲ್ಲೂ ನನ್ನ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸಿದರು. ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ಅವರಿಂದ ಕಲಿತದ್ದು, ಅರ್ಧ ಸೀಮೆಎಣ್ಣೆ ಮತ್ತು ವೈರ್ ಬ್ರಶ್‌ನಿಂದ ಕಲಿತದ್ದು.

ಹಾಟ್ ರಾಡ್ ಅಂದರೆ ಹಳೆಯ ಕಾರನ್ನು ವೇಗಕ್ಕಾಗಿ ಬದಲಾಯಿಸಿ ಕಟ್ಟಿದ್ದು. ಇದು ಅಮೆರಿಕದ, ಅದರಲ್ಲೂ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರ ಹುಚ್ಚು. ಲಾಸ್ ಏಂಜಲೀಸ್‌ನ ಉತ್ತರಕ್ಕೆ ಮರುಭೂಮಿಯಲ್ಲಿ ಮುರಾಕ್ ಎಂಬ ಒಣಗಿದ ಕೆರೆಯಿದೆ. ಮೈಲಿಗಟ್ಟಲೆ ಹಲಗೆಯಂತೆ ಸಪಾಟಾದ ನೆಲ. 1930ರ ದಶಕದಲ್ಲಿ ಅಲ್ಲಿ ಕಾರು ಓಡಿಸಿ ಯಾರದು ಹೆಚ್ಚು ವೇಗ ಅಂತ ಅಳೆಯುತ್ತಿದ್ದರು. 1937ರಲ್ಲಿ ಹಲವು ಕ್ಲಬ್ಬುಗಳು ಸೇರಿ ಇದಕ್ಕೆ ಒಂದು ಸಂಘವನ್ನೇ ಕಟ್ಟಿಕೊಂಡವು. ದುಡ್ಡಿಲ್ಲದ ಹುಡುಗರು ಹೊಸ ಕಾರು ಕೊಳ್ಳುವ ಹಾಗಿರಲಿಲ್ಲ. ಗುಜರಿಯಿಂದ ಹಗುರವಾದ ಹಳೆಯ ಫೋರ್ಡ್ ತಂದು, ಮಡ್‌ಗಾರ್ಡ್ ಕಿತ್ತು, ಇನ್ನೊಂದು ಕಾರಿನ ದೊಡ್ಡ ಇಂಜಿನ್ ಕೂರಿಸುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದ ಮೇಲೆ ಇದು ಇನ್ನೂ ಬೆಳೆಯಿತು. ಬಿಲ್ ಬರ್ಕ್ ಎಂಬಾತ 1946ರಲ್ಲಿ ಯುದ್ಧವಿಮಾನಕ್ಕೆ ಹೊರಗಿನಿಂದ ತೂಗುಹಾಕುವ ಪೆಟ್ರೋಲ್ ಟ್ಯಾಂಕನ್ನು ಯುದ್ಧದ ಹಳೆ ಸಾಮಾನಿನಿಂದ ಕೊಂಡು ಅದನ್ನೇ ಕಾರಿನ ಮೈ ಮಾಡಿಕೊಂಡ. ಇದನ್ನು ಕೇಳಿ ಮಾಮು, "ಅವನು ನಮ್ಮ ಜಾತಿಯವನೇ, ಗುಜರಿಯವನು" ಅಂದರು.

ಈ ಹುಚ್ಚಿನ ನಡುವಿನಲ್ಲಿದ್ದದ್ದು 1932ರಲ್ಲಿ ಫೋರ್ಡ್ ಹೊರತಂದ ಎಂಟು ಸಿಲಿಂಡರಿನ ಇಂಜಿನ್. ಎರಡು ಸಾಲು, ಸಾಲಿಗೆ ನಾಲ್ಕು, ಎರಡೂ ಸಾಲು ಇಂಗ್ಲಿಷಿನ ವಿ ಅಕ್ಷರದ ಹಾಗೆ ವಾಲಿಕೊಂಡಿರುತ್ತವೆ. ಅದಕ್ಕೇ ವಿ8. ಅದುವರೆಗೆ ಎಂಟು ಸಿಲಿಂಡರ್ ಹೆಚ್ಚಾಗಿ ದುಬಾರಿ ಕಾರುಗಳಲ್ಲೇ. ಫೋರ್ಡ್ ಅದನ್ನು ಸಾಮಾನ್ಯರ ಕಾರಿಗೆ ಹಾಕಿತು. ಶಕ್ತಿ 65 ಅಶ್ವಶಕ್ತಿ, ಗಾತ್ರ 221 ಘನ ಅಂಗುಲ, ನಮ್ಮ ಲೆಕ್ಕದಲ್ಲಿ ಸುಮಾರು 3.6 ಲೀಟರ್. ಇದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಂತು, ಬರುಬರುತ್ತಾ ಬದಲಾಗುತ್ತಾ ಹೋಯಿತು. ಹಾಟ್ ರಾಡ್ ಕಟ್ಟುವವರ ಕಷ್ಟ ಇಲ್ಲೇ ಶುರು. ಅವರ ಕಾರು 1932ರದು, ಇಂಜಿನ್ 1946ರದು, ಬ್ರೇಕ್ 1939ರದು, ಕಾರ್ಬ್ಯುರೇಟರ್ 1936ರದು ಆಗಿರಬಹುದು. ಇಂಥ ಕಾರಿಗೆ ಒಂದೇ ಕ್ಯಾಟಲಾಗ್ ಇರುವುದಿಲ್ಲ. ಕೈಯಲ್ಲಿರುವ ತುಂಡು ಯಾವ ವರ್ಷದ್ದು, ಯಾವುದಕ್ಕೆ ಕೂರುತ್ತದೆ ಅಂತ ಆ ತುಂಡನ್ನೇ ಕೇಳಬೇಕು.

ಕೇಳುವುದು ಹೇಗೆ? ಮೊದಲು ತೊಳೆಯಬೇಕು. ನಗಬೇಡಿ, ನನ್ನ ಅರ್ಧ ತಪ್ಪುಗಳು ತೊಳೆಯದೆ ಓದಿದ್ದರಿಂದ ಆದವು. ಎಣ್ಣೆ ಮತ್ತು ಮಣ್ಣು ಸೇರಿ ಗಟ್ಟಿಯಾದ ಜಿಡ್ಡಿನ ಕೆಳಗೆ 3 ಇರುವುದು 8ರಂತೆ ಕಾಣುತ್ತದೆ. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಬ್ರಶ್‌ನಿಂದ ಉಜ್ಜಬೇಕು. ಕಬ್ಬಿಣಕ್ಕೆ ವೈರ್ ಬ್ರಶ್ ಆಗುತ್ತದೆ, ಸತು ಮತ್ತು ಅಲ್ಯೂಮಿನಿಯಂಗೆ ಹಳೆಯ ಹಲ್ಲುಜ್ಜುವ ಬ್ರಶ್ ಸಾಕು, ಇಲ್ಲದಿದ್ದರೆ ಅಂಕಿಯೇ ಅಳಿಸಿಹೋಗುತ್ತದೆ. ಉಬ್ಬಿದ ಅಂಕಿ ಎರಕ ಹೊಯ್ಯುವಾಗ ಅಚ್ಚಿನಲ್ಲೇ ಬಂದದ್ದು. ತಗ್ಗಾದ ಅಂಕಿ ಆಮೇಲೆ ಮೊಳೆಯಂಥ ಪಂಚ್ ಇಟ್ಟು ಹೊಡೆದದ್ದು. ಇವೆರಡೂ ಬೇರೆ ಬೇರೆ ಕಥೆ ಹೇಳುತ್ತವೆ, ಆದ್ದರಿಂದ ನಾನು ರಿಜಿಸ್ಟರಿನಲ್ಲಿ "ಉಬ್ಬು", "ತಗ್ಗು" ಅಂತ ಎರಡು ಕಾಲಂ ಮಾಡಿಕೊಂಡೆ.

ಫೋರ್ಡ್‌ನವರ ನಂಬರಿಗೆ ಒಂದು ವ್ಯವಸ್ಥೆಯಿದೆ. ನಮ್ಮ ಲೆಡ್ಜರ್ ಫೋಲಿಯೋ ನಂಬರಿನ ಹಾಗೆಯೇ, ಕಲಿತರೆ ಚೆನ್ನ. ನಂಬರಿನಲ್ಲಿ ಮೊದಲ ತುಂಡು ವರ್ಷ ಅಥವಾ ಮಾದರಿಯನ್ನು ಹೇಳುತ್ತದೆ, ನಡುವಿನ ತುಂಡು ಅದು ಕಾರಿನ ಯಾವ ಅಂಗ ಅಂತ ಹೇಳುತ್ತದೆ, ಕೊನೆಯ ಅಕ್ಷರ ಅದರಲ್ಲಿ ಆದ ಬದಲಾವಣೆಯನ್ನು. ಮೊದಲ ತುಂಡು 18 ಆಗಿದ್ದರೆ 1932ರ ವಿ8. 40 ಆಗಿದ್ದರೆ 1933-34. 48 ಎಂದರೆ 1935, 68 ಎಂದರೆ 1936, 78 ಎಂದರೆ 1937. 1938ರಿಂದ ಇನ್ನೂ ಸುಲಭ: 81ಎ, 91ಎ, 01ಎ, 11ಎ, 21ಎ. ಮೊದಲ ಅಂಕಿಯೇ ಇಸವಿಯ ಕೊನೆಯ ಅಂಕಿ. 01ಎ ಎಂದರೆ 1940. ನಡುವಿನ ತುಂಡಿನಲ್ಲಿ 2000ದ ಸರಣಿ ಬ್ರೇಕ್, 3000 ಮುಂದಿನ ಆಕ್ಸಲ್ ಮತ್ತು ಸ್ಟೀರಿಂಗ್, 4000 ಹಿಂದಿನ ಆಕ್ಸಲ್, 6000 ಇಂಜಿನ್, 7000 ಗೇರ್‌ಬಾಕ್ಸ್, 8000 ನೀರು ತಂಪು ಮಾಡುವ ಭಾಗಗಳು, 9000 ಪೆಟ್ರೋಲ್. 8005 ಎಂದರೆ ರೇಡಿಯೇಟರ್, 9510 ಎಂದರೆ ಕಾರ್ಬ್ಯುರೇಟರ್. ಹೀಗೆ 91ಎ ಆದ ಮೇಲೆ 2ರಿಂದ ಶುರುವಾಗುವ ನಾಲ್ಕು ಅಂಕಿ ಕಂಡರೆ, 1939ರಲ್ಲಿ ಬಂದ ಬ್ರೇಕಿನ ಭಾಗ ಅಂತ ತುಂಡಿನ ಆಕಾರ ನೋಡದೆಯೇ ಹೇಳಬಹುದು. ಹಾಟ್ ರಾಡ್‌ನವರು ಇದಕ್ಕೇ ಕಾಯುತ್ತಿರುತ್ತಾರೆ. ಯಾಕೆಂದರೆ 1939ರಲ್ಲೇ ಫೋರ್ಡ್ ಮೊದಲ ಬಾರಿ ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕ್ ಹಾಕಿದ್ದು. ಅದಕ್ಕೂ ಮೊದಲಿನವು ಕಬ್ಬಿಣದ ಸರಳಿನಿಂದ ಎಳೆಯುವ ಬ್ರೇಕುಗಳು. ಇಂಜಿನ್ ಶಕ್ತಿ ಹೆಚ್ಚಿಸಿ ಅಂಥ ಬ್ರೇಕ್ ಇಟ್ಟುಕೊಂಡರೆ ನಿಲ್ಲಿಸುವುದು ಕಷ್ಟ.

ಒಂದು ಎಚ್ಚರಿಕೆ. ನಂಬರಿನ ಇಸವಿ ಆ ಭಾಗ ಮೊದಲು ಬಂದ ವರ್ಷ, ನಿಮ್ಮ ಕೈಯಲ್ಲಿರುವ ತುಂಡು ತಯಾರಾದ ವರ್ಷವಲ್ಲ. 1935ರಲ್ಲಿ ಶುರುವಾದ ಭಾಗ ಬದಲಾಗದಿದ್ದರೆ ಮುಂದಿನ ವರ್ಷಗಳ ಕಾರಿಗೂ ಅದೇ ನಂಬರಿನಲ್ಲಿ ಹೋಗುತ್ತದೆ. ಕೆಳಗಿನ ಮಿತಿ ಮಾತ್ರ ಗೊತ್ತಾಗುತ್ತದೆ, ಮೇಲಿನ ಮಿತಿ ಅಲ್ಲ.

ಈಗ 97ಕ್ಕೆ ಬರುತ್ತೇನೆ. ಕಾರ್ಬ್ಯುರೇಟರ್ ಮಾಡಿದ್ದು ಫೋರ್ಡ್ ಅಲ್ಲ, ಸ್ಟ್ರಾಂಬರ್ಗ್ ಎಂಬ ಬೇರೆ ಕಂಪನಿ. ಆದ್ದರಿಂದ ಅವರ ಅಂಕಿಗೆ ಅವರದೇ ಅರ್ಥ. ಗಾಳಿ ಹೋಗುವ ಕೊರಳು ನಡುವೆ ಸಪೂರವಾಗುತ್ತದಲ್ಲ, ಆ ಕಿರಿದಾದ ಜಾಗದ ಅಗಲವೇ 97, ಅಂದರೆ 0.97 ಅಂಗುಲ. 31ನ್ನು 32ರಿಂದ ಭಾಗಿಸಿ ನೋಡಿ, 0.96875 ಬರುತ್ತದೆ. 31/32 ಅಂಗುಲ. ನಾನು ಫಿಸಿಕ್ಸ್ ಲ್ಯಾಬಿನ ಗೆಳೆಯನಿಂದ ವರ್ನಿಯರ್ ಕೇಳಿ ತಂದು ಅಳೆದೆ. 24.6 ಮಿಲಿಮೀಟರ್. 25.4ರಿಂದ ಭಾಗಿಸಿದಾಗ 0.97 ಬಂದದ್ದು ನೋಡಿ ಆದ ಸಂತೋಷ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದಾಗಿನದ್ದೇ. ಇದೇ ಕುಟುಂಬದಲ್ಲಿ 81 ಎಂಬುದೂ ಇದೆ, 60 ಅಶ್ವಶಕ್ತಿಯ ಚಿಕ್ಕ ವಿ8ಕ್ಕೆ. 13/16 ಅಂಗುಲ, 0.81. ಆಮೇಲೆ ಬಂದ ಹಾಲಿ ಕಂಪನಿಯ 94 ಇದೆ, 15/16 ಅಂಗುಲ. ಇಷ್ಟು ತಿಳಿದ ಮೇಲೆ ನಾನು ಜಾಣತನದಿಂದ, "ಹಾಗಾದರೆ ಸ್ಟ್ರಾಂಬರ್ಗ್ 48 ಅಂದರೆ 0.48 ಅಂಗುಲ, ತುಂಬಾ ಚಿಕ್ಕದು" ಅಂದೆ. ತಪ್ಪು! 48ರ ಕೊರಳು 97ಕ್ಕಿಂತ ದೊಡ್ಡದು. ಅಲ್ಲಿ 48 ಎಂಬುದು ಅಳತೆಯಲ್ಲ, 1935ರ ಫೋರ್ಡ್ ಮಾದರಿಯ ಸಂಖ್ಯೆ. ಒಂದೇ ಕಂಪನಿ, ಒಂದೇ ಜಾಗದಲ್ಲಿ ಅಂಕಿ, ಅರ್ಥ ಮಾತ್ರ ಬೇರೆ. 81 ಇನ್ನೂ ಮೋಸ. ಕಾರ್ಬ್ಯುರೇಟರ್ ಮೇಲಿದ್ದರೆ ಅಳತೆ, ಫೋರ್ಡ್ ನಂಬರಿನ ಮೊದಲಲ್ಲಿ ಎ ಜೊತೆ ಇದ್ದರೆ 1938. ಹಾಗಾಗಿ ಅಂಕಿಯೊಂದನ್ನೇ ನಂಬದೆ ಅಳತೆ ತೆಗೆದು ತಾಳೆ ನೋಡಬೇಕು.

ಪೆಟ್ಟಿಗೆಯ ಎರಡನೇ ವಸ್ತು ಇಂಜಿನ್ನಿನ ಹೆಡ್, ಸಿಲಿಂಡರುಗಳ ಮೇಲೆ ಮುಚ್ಚುವ ದಪ್ಪ ಹಲಗೆ. ಅದರ ಅಂಕಿ ತುಕ್ಕು ತಿಂದು ಹೋಗಿತ್ತು. ಓದಲು ಏನೂ ಇಲ್ಲದಾಗ ಎಣಿಸಬೇಕು. ಈ ಇಂಜಿನ್ನಿನ ಹೆಡ್ ಹಿಡಿಯಲು 1932ರಿಂದ 1937ರವರೆಗೆ ಒಂದೊಂದಕ್ಕೆ 21 ಸ್ಟಡ್ ಇದ್ದವು, 1938ರ ಮಾದರಿಯಿಂದ 24. ನಾನು ಎಣಿಸಿದೆ, 24 ರಂಧ್ರ. ಮಾಮು ಎಣಿಸಿದರು, 25. ನೀರು ಹೋಗುವ ಒಂದು ರಂಧ್ರವನ್ನೂ ಸೇರಿಸಿಬಿಟ್ಟಿದ್ದರು. ಇನ್ನೊಂದು ಗುರುತು ನೀರಿನ ಪೈಪ್ ಹೊರಡುವ ಜಾಗ. 1937ರಿಂದ 1948ರವರೆಗಿನ ಕಾರುಗಳಲ್ಲಿ ಅದು ಹೆಡ್ಡಿನ ನಟ್ಟನಡುವೆ. 1949ರಿಂದ ಮುಂಭಾಗಕ್ಕೆ ಹೋಯಿತು. ನಮ್ಮದರಲ್ಲಿ ನಡುವೆ ಇದೆ. ಹಾಗಾದರೆ 1938ರಿಂದ 1948ರ ಒಳಗಿನದು. ಈಗ ನಾನಾ ಚೀಟಿ ನೆನಪಿಸಿಕೊಳ್ಳಿ: ಎರಡೂ ಒಂದೇ ಕಾರಿನವು. 97ರ ಕಾರ್ಬ್ಯುರೇಟರ್ ಫೋರ್ಡ್‌ಗೆ ಬರುತ್ತಿದ್ದದ್ದು 1936ರಿಂದ 1938ರವರೆಗೆ. ಎರಡೂ ಅವಧಿ ಸೇರುವುದು ಒಂದೇ ವರ್ಷದಲ್ಲಿ, 1938. ಎಸ್ಟೇಟಿನವರ ಕಾರನ್ನು ನಮ್ಮಲ್ಲಿ ಯಾರೂ ನೋಡಿಲ್ಲ, ಫೋಟೋ ಕೂಡ ಇಲ್ಲ. ಆದರೂ ಅದರ ವರ್ಷ ಸಿಕ್ಕಿತು. ನಡುವೆ ಯಾರಾದರೂ ಇಂಜಿನ್ ಬದಲಾಯಿಸಿದ್ದರೆ ಈ ಲೆಕ್ಕ ತಪ್ಪುತ್ತದೆ. ಅದಕ್ಕೇ ರಿಜಿಸ್ಟರಿನಲ್ಲಿ "1938?" ಅಂತ ಪ್ರಶ್ನೆ ಚಿಹ್ನೆ ಹಾಕಿ ಬರೆದಿದ್ದೇನೆ.

ಅಂಕಿಯೂ ಇಲ್ಲ, ಎಣಿಸಲೂ ಏನೂ ಇಲ್ಲ ಅಂದಾಗ ಉಳಿಯುವುದು ಥ್ರೆಡ್, ಮಾಮು ಹೇಳುವ ಚೂಡಿ. ಬೋಲ್ಟಿನ ಮೇಲಿನ ಸುರುಳಿ. ಅಮೆರಿಕದ ಗಾಡಿಗಳಲ್ಲಿ ಥ್ರೆಡ್ಡಿನ ಲೆಕ್ಕ ಅಂಗುಲದಲ್ಲಿ, ಹಲ್ಲಿನ ಕೋನ 60 ಡಿಗ್ರಿ. ಹಳೆಯ ಬ್ರಿಟಿಷ್ ವಿಟ್‌ವರ್ತ್ ಥ್ರೆಡ್ಡಿನಲ್ಲೂ ಅಂಗುಲವೇ, ಕೋನ ಮಾತ್ರ 55. ಇಟಲಿಯ ಫಿಯೆಟ್ ಮೂಲದ ಪದ್ಮಿನಿಯದು ಮಿಲಿಮೀಟರ್. ಬಾಚಣಿಗೆಯಂಥ ಹಲ್ಲುಗಳ ಗೇಜ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬೋಲ್ಟಿನ ಮೇಲಿಟ್ಟು ಬೆಳಕಿಗೆ ಹಿಡಿದರೆ, ಬೆಳಕು ಎಲ್ಲೂ ತೂರದಿದ್ದರೆ ಅದೇ ಅಳತೆ. ಒಂದು ತುಂಡು ಯಾವ ದೇಶದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆಮೇಲೆ ಅಯಸ್ಕಾಂತ. ಕಬ್ಬಿಣಕ್ಕೆ ಅಂಟುತ್ತದೆ, ಅಲ್ಯೂಮಿನಿಯಂ ಮತ್ತು ಸತುವಿಗೆ ಅಂಟುವುದಿಲ್ಲ. ಕಾರ್ಬ್ಯುರೇಟರಿನ ಮೈಗೆ ಅಂಟಲಿಲ್ಲ, ತಳಕ್ಕೆ ಮಾತ್ರ ಅಂಟಿತು. 97ರಲ್ಲಿ ಹಾಗೆಯೇ, ಮೈ ಸತುವಿನ ಎರಕ, ತಳ ಬೀಡು ಕಬ್ಬಿಣ.

ಎಲ್ಲರಿಗೂ ಖುಷಿ ಕೊಟ್ಟ ಗುರುತು ಜೀಪಿನದು. ಯುದ್ಧದ ಕಾಲದಲ್ಲಿ ವಿಲ್ಲಿಸ್ ಕಂಪನಿಯ ಜೊತೆ ಫೋರ್ಡ್ ಕೂಡ ಅದೇ ನಮೂನೆಯ ಜೀಪು ತಯಾರಿಸಿತು, 2 ಲಕ್ಷ 70 ಸಾವಿರಕ್ಕೂ ಹೆಚ್ಚು. ಎರಡರ ಭಾಗಗಳೂ ಒಂದಕ್ಕೊಂದು ಕೂರುತ್ತವೆ. ಆದರೆ ಫೋರ್ಡ್‌ನವರು ತಮ್ಮ ಭಾಗಗಳಿಗೆ, ಬೋಲ್ಟಿನ ತಲೆಗೂ ಸಹ, ಬಾಲವಿರುವ ಎಫ್ ಅಕ್ಷರ ಒತ್ತಿದ್ದರು. ನಮ್ಮ ತುಕ್ಕು ಬೋಲ್ಟುಗಳ ಡಬ್ಬಿ ಸುರಿದು ನಾನೂ ನನ್ನ ತಮ್ಮನೂ ಒಂದು ಮಧ್ಯಾಹ್ನ ಎಫ್ ಹುಡುಕಿದೆವು. ಹನ್ನೊಂದು ಸಿಕ್ಕವು. ಎಂಬತ್ತು ವರ್ಷದ ಹಿಂದಿನ ಜೀಪಿನ ಬೋಲ್ಟಿನಿಂದ ನಮ್ಮ ಅಂಗಡಿಯ ಬಾಗಿಲಿನ ಕೊಂಡಿ ಬಿಗಿದಿದೆ ಅಂತ ಗೊತ್ತಾದದ್ದು ಆಗಲೇ.

ಹಾಟ್ ರಾಡ್‌ನವರಿಗೆ ಅತಿ ಕಷ್ಟದವು ಕಾರಿನ ಕಂಪನಿ ಮಾಡದೇ ಇದ್ದ ಭಾಗಗಳು. ವೇಗ ಹೆಚ್ಚಿಸಲು ಸಣ್ಣ ಸಣ್ಣ ವರ್ಕ್‌ಶಾಪುಗಳು ಎರಕ ಹೊಯ್ದು ಮಾರುತ್ತಿದ್ದವು. ಎಡಲ್‌ಬ್ರಾಕ್, ಆಫನ್‌ಹೌಸರ್ ಮುಂತಾದವರು ತಮ್ಮ ಹೆಸರನ್ನೇ ಉಬ್ಬಿಸುತ್ತಿದ್ದರು, ಅವು ಸುಲಭ. ಜೋರಾ ಆರ್ಕಸ್ ಡಂಟೊವ್ ಎಂಬ ಇಂಜಿನಿಯರ್ ಇದೇ ಫೋರ್ಡ್ ವಿ8ಕ್ಕೆ ಮಾಡಿದ ವಿಶೇಷ ಹೆಡ್ಡಿಗೆ ಆರ್ಡನ್ ಅಂತ ಹೆಸರು, ಅವರ ಹೆಸರಿನದೇ ತುಂಡುಗಳು ಸೇರಿ ಆದದ್ದು. ಅವರು ಅದನ್ನು ಮಾಡಿದ್ದು ಲಾರಿಗಳ ಇಂಜಿನ್ ಬಿಸಿಯಾಗದಿರಲಿ ಅಂತ, ಹಿಡಿದುಕೊಂಡದ್ದು ರೇಸಿನ ಹುಡುಗರು. ಆದರೆ ಹೆಸರೇ ಹಾಕದೆ ಮಾಡಿದವೂ ಇವೆ. ಅಂಥವುಗಳಿಗೆ ಎಷ್ಟು ರಂಧ್ರ, ರಂಧ್ರಗಳ ನಡುವಿನ ದೂರ ಎಷ್ಟು, ಇದೊಂದೇ ದಾರಿ. ಸ್ಟ್ರಾಂಬರ್ಗ್ 97ರ ತಳದಲ್ಲಿ ಮೂರು ಬೋಲ್ಟಿನ ರಂಧ್ರ. ಮೂರು ರಂಧ್ರದ ಕೂರುವ ಜಾಗ ಮೂರು ಇರುವ ಅಲ್ಯೂಮಿನಿಯಂ ಪೈಪೊಂದು ಎಲ್ಲಿಯಾದರೂ ಕಂಡರೆ, ಅದು ಒಂದರ ಬದಲು ಮೂರು ಕಾರ್ಬ್ಯುರೇಟರ್ ಕೂರಿಸಲು ಯಾರೋ ಮಾಡಿಸಿದ್ದು ಅಂತ ಊಹಿಸಬಹುದು. ಬೆಂಗಳೂರಿನವರ ತಮ್ಮ ಕಟ್ಟುತ್ತಿರುವುದು ಇಂಥದ್ದನ್ನೇ.

ಇನ್ನು ನನ್ನ ದೊಡ್ಡ ತಪ್ಪು. ಎರಡು ವಾರ ಕಲಿತ ಮೇಲೆ ನನಗೆ ಸ್ವಲ್ಪ ಧೈರ್ಯ ಜಾಸ್ತಿಯಾಗಿತ್ತು. ಜೀಪಿನವರೊಬ್ಬರು ಸ್ಟೀರಿಂಗಿನ ಬಾಲ್ ಜಾಯಿಂಟ್ ಕೇಳಿಕೊಂಡು ಬಂದರು. ಮಾಮು ನಮಾಜಿಗೆ ಹೋಗಿದ್ದರು. ನಾನು ಗೇಜ್ ಇಟ್ಟು ನೋಡಿದೆ, ಥ್ರೆಡ್ ಸರಿಯಾಗಿ ಹೊಂದಿತು, "ಇದೇ ಸರ್" ಅಂತ ಕೊಟ್ಟೆ, ದುಡ್ಡೂ ತೆಗೆದುಕೊಂಡೆ. ಸಂಜೆ ಅವರ ಮೆಕ್ಯಾನಿಕ್ ಅದನ್ನು ಹಿಡಿದುಕೊಂಡು ವಾಪಸ್ ಬಂದ. ಅವನೇ ತೋರಿಸಿದ. ಬಾಲ್ ಜಾಯಿಂಟಿನ ಕಾಲು ಮೇಲಿನಿಂದ ಕೆಳಗೆ ಸ್ವಲ್ಪ ಸ್ವಲ್ಪವೇ ಸಪೂರವಾಗುತ್ತದೆ. ಆ ಇಳಿಜಾರು ಅದು ಕೂರುವ ರಂಧ್ರದ ಇಳಿಜಾರಿಗೆ ಹೊಂದಬೇಕು. ಕಾಲಿಗೆ ತೆಳ್ಳಗೆ ನೀಲಿ ಬಣ್ಣ ಸವರಿ, ರಂಧ್ರದಲ್ಲಿ ಕೂರಿಸಿ ಒಂದು ಸುತ್ತು ತಿರುಗಿಸಿ ತೆಗೆದ. ಬಣ್ಣ ಅಂಚಿನಲ್ಲಿ ಒಂದು ಬಳೆಯಷ್ಟು ಮಾತ್ರ ಒರೆಸಿಹೋಗಿತ್ತು. ಉಳಿದೆಡೆ ತಾಗಿಯೇ ಇರಲಿಲ್ಲ. ನಟ್ ಬಿಗಿದರೆ ಹಿಡಿದ ಹಾಗೆ ಕಾಣುತ್ತದೆ, ಘಾಟಿಯ ತಿರುವಿನಲ್ಲಿ ಅಲ್ಲಾಡಿ ಅಲ್ಲಾಡಿ ಒಂದು ದಿನ ಮುರಿಯುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಸ್ಟೀರಿಂಗ್ ಮುರಿದರೆ ಏನಾಗುತ್ತದೆ ಅಂತ ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮಾಮು ದುಡ್ಡು ವಾಪಸ್ ಕೊಟ್ಟು, ಅವರೆದುರು ಏನೂ ಅನ್ನದೆ, ಆಮೇಲೆ ನನಗೆ ಒಂದೇ ಮಾತು ಹೇಳಿದರು: "ಅಂದಾಜಾ ನಕ್ಕೋ." ಅಂದಾಜು ಬೇಡ. ಅಂದಿನಿಂದ ಸ್ಟೀರಿಂಗ್ ಮತ್ತು ಬ್ರೇಕಿನ ಯಾವ ಭಾಗವನ್ನೂ ನಾನು ಗುರುತಿಸುತ್ತೇನೆ, ಆದರೆ ಕೂರುತ್ತದೆ ಅಂತ ಹೇಳುವುದಿಲ್ಲ.

ಅದೇ ಮೆಕ್ಯಾನಿಕ್ ಹೇಳಿಕೊಟ್ಟ ಇನ್ನೊಂದು ಪರೀಕ್ಷೆ: ಹಳೆಯ ಆಕ್ಸಲ್ ತುಂಡನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದು ಬಿಡಬೇಕು. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಗೆರೆ ಎಳೆಯುತ್ತದೆ. ನಮ್ಮಲ್ಲಿದ್ದ ಒಂದು ಆಕ್ಸಲ್ ತುದಿಯಲ್ಲಿ ಕೂದಲೆಳೆಯಂಥ ಗೆರೆ ಬಂತು. ಅದು ಎಷ್ಟೇ ಅಪರೂಪದ್ದಾದರೂ ತೂಕಕ್ಕೇ ಹೋಯಿತು.

ನಮ್ಮ ದೇಶದಲ್ಲಿ ಹಾಟ್ ರಾಡ್ ಕಟ್ಟಿ ರಸ್ತೆಯಲ್ಲಿ ಓಡಿಸಬಹುದೇ ಅಂತ ಕ್ಲಾಸಿನಲ್ಲಿ ಇಬ್ಬರು ಕೇಳಿದರು. ಆಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ಬೇರೆ ನೋಂದಣಿ ಇದೆ, ಆದರೆ ಅದಕ್ಕೂ ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗಿರಬಾರದು. ಹಾಗಾಗಿ ಇಲ್ಲಿ ಈ ವಿದ್ಯೆ ಉಪಯೋಗಕ್ಕೆ ಬರುವುದು ಹಳೆಯ ಗಾಡಿಯನ್ನು ಮೊದಲಿನಂತೆ ಮಾಡುವವರಿಗೆ. ತುಂಡನ್ನು ಗುರುತಿಸುವ ಕ್ರಮ ಎರಡಕ್ಕೂ ಒಂದೇ.

ಕಾರ್ಬ್ಯುರೇಟರ್ ಏನಾಯಿತು? ಅದೇ ನಮೂನೆಯನ್ನು ಈಗಲೂ ಹೊಸದಾಗಿ ತಯಾರಿಸುತ್ತಾರೆ, ಆದ್ದರಿಂದ ಲಕ್ಷಗಟ್ಟಲೆ ಬರುತ್ತದೆ ಅಂತ ಕನಸು ಕಾಣಬೇಡಿ ಅಂತ ಅವರು ಮೊದಲೇ ಪ್ರಾಮಾಣಿಕವಾಗಿ ಹೇಳಿದ್ದರು. ಮೇಲ್ಭಾಗ ಸ್ವಲ್ಪ ಬಾಗಿತ್ತು. ಆರು ಸಾವಿರ ರೂಪಾಯಿ ಕೊಟ್ಟರು. ಮೇ ತಿಂಗಳಲ್ಲಿ ಮದುವೆಗೆ ಬಂದ ತಮ್ಮ ಅದನ್ನು ಒಯ್ದರಂತೆ. ಪೆಟ್ರೋಲಿನ ವಾಸನೆ ಇದ್ದರೆ ವಿಮಾನದಲ್ಲಿ ಬಿಡುವುದಿಲ್ಲ ಅಂತ ನಾನೇ ಮೂರು ಸಲ ತೊಳೆದು, ಬಿಸಿಲಿಗಿಟ್ಟು ಕೊಟ್ಟಿದ್ದೆ. ಹೆಡ್ ಅವರಿಗೆ ಬೇಡವಾಯಿತು, ನೀರಿನ ರಂಧ್ರದ ಸುತ್ತ ತುಕ್ಕು ತಿಂದಿದೆ. ನಮ್ಮ ಪುಸ್ತಕದಲ್ಲಿ ಕಾರ್ಬ್ಯುರೇಟರಿನ ಮೌಲ್ಯ ಮಾರುವ ದಿನದವರೆಗೂ ಕೊಂಡ ಬೆಲೆಯೇ ಇತ್ತು, ಲಾಭ ಬರೆದದ್ದು ಮಾರಿದ ಮೇಲೆಯೇ. ಇದನ್ನು ನಮ್ಮ ಅಕೌಂಟೆನ್ಸಿ ಸರ್ ಗಮನಿಸಬೇಕೆಂದು ಕೋರುತ್ತೇನೆ.

ಮಾಮು ಲಾರಿಯನ್ನು ಕಳುಹಿಸಿದರು, ಆದರೆ ಎರಡು ಕಂತಿನಲ್ಲಿ. ನಂಬರ್ ನೋಡದ ಯಾವುದೂ ಹೋಗಬಾರದು ಅಂತ ನಾನು ಹಟ ಹಿಡಿದೆ. ಉಳಿದ 41 ವಸ್ತುಗಳು ಈಗ ನಮ್ಮ ಮನೆಯ ಹಿತ್ತಿಲಿನಲ್ಲಿ ತಗಡಿನ ಕೆಳಗಿವೆ. ಅಮ್ಮಿಗೆ ಬಟ್ಟೆ ಒಣಗಿಸಲು ಜಾಗವಿಲ್ಲ ಅಂತ ದಿನಾ ಬೈಯುತ್ತಾರೆ. 26ಕ್ಕೆ ಹೆಸರು ಸಿಕ್ಕಿದೆ, 15ಕ್ಕೆ ಇಲ್ಲ. ಅವುಗಳಲ್ಲಿ ಕ್ರಮಸಂಖ್ಯೆ 23 ನನ್ನ ನಿದ್ದೆ ಕೆಡಿಸಿದೆ: ಅಲ್ಯೂಮಿನಿಯಂ, ಅಂಗೈಯಷ್ಟು ಅಗಲ, ಎರಡು ಕಿವಿ, ನಾಲ್ಕು ರಂಧ್ರ, 60 ಡಿಗ್ರಿಯ ಅಂಗುಲದ ಥ್ರೆಡ್, ಅಂಕಿ ಅಕ್ಷರ ಏನೂ ಇಲ್ಲ. ಅದರ ಚೀಟಿಯಲ್ಲಿ ನಾನಾ ಬರೆದಿರುವುದು ಒಂದೇ ಪದ, "ಪೂಛನಾ". ಕೇಳಬೇಕು ಅಂತ. ಯಾರನ್ನು ಅಂತ ಬರೆದಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಗಾಡಿ ರಿಪೇರಿ ಮಾಡಿದ ಹಿರಿಯರಿದ್ದರೆ ದ್ವಿತೀಯ ಪಿಯುಸಿ ಕಾಮರ್ಸ್ ವಿಭಾಗಕ್ಕೆ ಬಂದು ಹೇಳಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ ನನ್ನ ಬಳಿ ಇದೆ.